ಅಂಟು ಒಣಗುವ ಮುಂಚೆ

ಮೊನ್ನೆ ದಸರಾ ರಜೆಗೆ ಬಂದ ಮೊಮ್ಮಗಳು ಬಟ್ಟೆಯ ಚೀಲದ ಜೊತೆಗೆ ಉದ್ದನೆಯ ಇನ್ನೊಂದು ಕಪ್ಪು ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಬಂದಳು. ಯಾವುದೋ ವಾದ್ಯ ಕಲಿಯುತ್ತಿರಬೇಕು ಎಂದುಕೊಂಡು ನಾನು ಒಳಗೊಳಗೇ ಸಂತೋಷಪಟ್ಟೆ. ಬಿಚ್ಚಿದರೆ ಅದರಲ್ಲಿದ್ದದ್ದು ಎರಡು ತುಂಡಾಗಿ ಕಳಚಿ ಜೋಡಿಸುವ ಪೂಲ್ ಆಟದ ಕೋಲು! ಮೈಸೂರಿನಲ್ಲಿ ಅವಳ ಕಾಲೇಜಿನ ಹತ್ತಿರ ಗೆಳತಿಯರೆಲ್ಲ ಸೇರಿ ಆಡುತ್ತಾರಂತೆ.

"ಅಜ್ಜಿ, ಇದರ ಟಿಪ್ ಸವೆದುಹೋಗಿದೆ. ಹೊಸದು ತಂದಿದೀನಿ. ಇಲ್ಲಿ ಯಾರಾದ್ರೂ ಹಾಕಿಕೊಡ್ತಾರಾ?" ಎಂದಳು.

"ಯಾರನ್ನ ಯಾಕೆ ಹುಡುಕ್ತೀಯ, ಕೊಡು ಇಲ್ಲಿ. ನಾನೇ ಹಾಕ್ತೀನಿ" ಎಂದೆ.

ಅವಳ ಮುಖ ನೋಡಬೇಕಿತ್ತು. ಉಪ್ಪಿನಕಾಯಿ ಹಾಕುವ ಅಜ್ಜಿ ಅವಳಿಗೆ ಗೊತ್ತು, ಬತ್ತಿ ಹೊಸೆಯುವ ಅಜ್ಜಿ ಗೊತ್ತು. ಕ್ಯೂಗೆ ಟಿಪ್ ಹಾಕುವ ಅಜ್ಜಿಯನ್ನು ಅವಳು ಎಲ್ಲಿ ಕಂಡಿದ್ದಳು? ಆಡಿದ ಮೇಲೆ ನನಗೂ ನನ್ನ ಮಾತು ಕೇಳಿ ಆಶ್ಚರ್ಯವಾಯಿತು. ಏಕೆಂದರೆ 1994ರ ಡಿಸೆಂಬರ್ ಆದಮೇಲೆ ನಾನು ಕ್ಯೂ ಮುಟ್ಟಿಯೇ ಇರಲಿಲ್ಲ. ಕಾರಣ ಗೊತ್ತಿದ್ದವರು ಇಬ್ಬರೇ. ನಾನು ಮತ್ತು ಈಗ ಇಲ್ಲದ ನಮ್ಮ ಮಾವನವರು.

ಮಾವನವರು ಮಲೆನಾಡಿನ ಒಂದು ಊರಿನ ಪ್ಲಾಂಟರುಗಳ ಕ್ಲಬ್ಬಿನಲ್ಲಿ 31 ವರ್ಷ ಮಾರ್ಕರ್ ಆಗಿದ್ದವರು. ಮಾರ್ಕರನನ್ನು ಬಿಲಿಯರ್ಡ್ಸ್ ಕೋಣೆಯ ಆಳು ಎನ್ನಲೂಬಹುದು, ಯಜಮಾನ ಎನ್ನಲೂಬಹುದು. ಸದಸ್ಯರು ಆಡುವಾಗ ಅಂಕ ಬರೆಯುವವನು ಅವನು, ಮೇಜಿನ ಹಸಿರು ಉಣ್ಣೆಬಟ್ಟೆಗೆ ಬ್ರಷ್ ಹಾಕಿ ಇಸ್ತ್ರಿ ಮಾಡುವವನು ಅವನು, ಕ್ಯೂಗಳ ಆರೈಕೆ ಮಾಡುವವನೂ ಅವನೇ. ಮಾವನವರಿಗೆ ತಮ್ಮ ಕೆಲಸದ ಬಗ್ಗೆ ದೊಡ್ಡ ಅಭಿಮಾನ. "ಸ್ನೂಕರ್ ಆಟ ವಿಲಾಯತಿಯದಲ್ಲಮ್ಮ. ಹುಟ್ಟಿದ್ದು ನಮ್ಮ ಜಬಲ್‌ಪುರದಲ್ಲಿ, 1875ರಲ್ಲಿ. ನಿಯಮ ಬರೆದು ಹಾಕಿದ್ದು ಇಲ್ಲೇ ಊಟಿ ಕ್ಲಬ್ಬಲ್ಲಿ, 1882ರಲ್ಲಿ" ಎಂದು ತಮ್ಮ ಮನೆತನದ ಮಾತೇನೋ ಎಂಬಂತೆ ಹೇಳುತ್ತಿದ್ದರು. ಆ ಕೋಣೆಯನ್ನು ನಾನು ನೋಡಿದ್ದು ಒಂದೇ ಸಲ, ಅದೂ ಬಾಗಿಲಾಚೆ ನಿಂತು. ಹೆಂಗಸರಿಗೆ ಒಳಗೆ ಪ್ರವೇಶವಿರಲಿಲ್ಲ.

1989ರಲ್ಲಿ ನಿವೃತ್ತರಾದ ಮೇಲೂ ಕ್ಲಬ್ಬಿನವರು ಕ್ಯೂಗಳನ್ನು ಮನೆಗೆ ಕಳಿಸುತ್ತಿದ್ದರು. ಒಂದು ಟಿಪ್ ಹಾಕಿದರೆ ಐದು ರೂಪಾಯಿ. ದುಡ್ಡಿಗಿಂತ ಹೆಚ್ಚಾಗಿ, ತಮ್ಮನ್ನು ಇನ್ನೂ ನೆನೆಯುತ್ತಾರಲ್ಲ ಎಂಬ ಸಮಾಧಾನ ಅವರಿಗೆ. ಆದರೆ ಕಣ್ಣಿಗೆ ಪೊರೆ ಬರತೊಡಗಿತ್ತು. ಹೀಗೆ ನಾನು ಅವರ ಕಣ್ಣಾದೆ, ಬರಬರುತ್ತಾ ಕೈಯೂ ಆದೆ.

ಟಿಪ್ ಎಂದರೆ ಏನೂ ಅಲ್ಲ ನೋಡಿ, ಒಂದು ಚರ್ಮದ ಬಿಲ್ಲೆ. ಸ್ನೂಕರ್ ಕ್ಯೂಗಾದರೆ ನಮ್ಮ ಕಿರುಬೆರಳಿನ ಉಗುರಿನಷ್ಟು ಅಗಲ, ಹತ್ತು ಮಿಲಿಮೀಟರಿಗಿಂತ ಹೆಚ್ಚಿಲ್ಲ. ಬರೀ ಮರದ ತುದಿಯಿಂದ ಗಟ್ಟಿ ಚೆಂಡಿಗೆ ಹೊಡೆದರೆ ಕೋಲು ಜಾರುತ್ತದೆ. ನಡುವೆ ಚರ್ಮವಿದ್ದು, ಅದಕ್ಕೆ ನೀಲಿ ಚಾಕ್ ಉಜ್ಜಿದರೆ ಚೆಂಡನ್ನು ಒಂದು ಗಳಿಗೆ ಹಿಡಿದು ಬಿಡುತ್ತದೆ. ಆಗಲೇ ಚೆಂಡನ್ನು ಬೇಕಾದ ಕಡೆಗೆ ತಿರುಗಿಸುವುದು, ಹಿಂದಕ್ಕೆ ಎಳೆಯುವುದು ಎಲ್ಲ ಸಾಧ್ಯ. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸ್‌ವಾ ಮೆಂಗೋ ಎಂಬ ಫ್ರೆಂಚ್ ಸೈನ್ಯಾಧಿಕಾರಿ ಪ್ಯಾರಿಸಿನ ಸೆರೆಮನೆಯಲ್ಲಿದ್ದಾಗ ಈ ಚರ್ಮದ ತುದಿಯನ್ನು ರೂಢಿಗೆ ತಂದನಂತೆ. ಬಿಡುಗಡೆಯ ದಿನ ಬಂದರೂ ಆಟ ಬಿಟ್ಟು ಹೋಗಲಾರೆ, ಇನ್ನಷ್ಟು ದಿನ ಇಲ್ಲೇ ಇರುತ್ತೇನೆ ಎಂದು ಕೇಳಿಕೊಂಡನೆಂದೂ ಕತೆಯಿದೆ.

ಒನಕೆಯ ತುದಿಗೆ ಅಣಸು ಹಾಕುವ ಹಾಗೆ ಕ್ಯೂಗೂ ಒಂದು ಹಿತ್ತಾಳೆಯ ಬಳೆ ಇರುತ್ತದೆ. ಅದರ ಮೇಲೆ ಟಿಪ್ ಕೂರಬೇಕು. ಹಳೆಯದನ್ನು ಬ್ಲೇಡಿನಿಂದ ಕೊಯ್ದು ತೆಗೆಯುವುದು, ಉಳಿದ ಹಳೇ ಅಂಟನ್ನು ಪೂರ್ತಿ ಕೆರೆಯುವುದು, ಆಮೇಲೆ ಉಪ್ಪುಕಾಗದದ ಮೇಲೆ ತಿಕ್ಕಿ ಹಿತ್ತಾಳೆಯ ಬಾಯನ್ನು ಮಟ್ಟ ಮಾಡುವುದು. ಹೊಸ ಟಿಪ್ಪಿನ ಬೆನ್ನನ್ನೂ ತಿಕ್ಕಿ ಒರಟು ಮಾಡಬೇಕು, ನುಣ್ಣಗಿದ್ದರೆ ಅಂಟು ಹಿಡಿಯುವುದಿಲ್ಲ. ತೆಳ್ಳಗೆ ಅಂಟು ಹಚ್ಚಿ, ನಡುಮಧ್ಯಕ್ಕೆ ಕೂರಿಸಿ, ಒತ್ತಿ ಹಿಡಿದು, ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಕ್ಯೂವನ್ನು ತಲೆಕೆಳಗಾಗಿ ಮಣೆಯ ಮೇಲೆ ಒತ್ತಿ ಹಿಡಿದು, ಹೊರಗೆ ಚಾಚಿದ ಚರ್ಮವನ್ನು ಸುತ್ತಲೂ ಕತ್ತರಿಸುವುದು. ನೆತ್ತಿಯನ್ನು ಅರದಿಂದ ಗುಂಡಗೆ ಉಜ್ಜುವುದು. ಎಷ್ಟು ಗುಂಡಗೆ ಎಂದರೆ, ಮಾವನವರು ನಾಲ್ಕಾಣೆ ನಾಣ್ಯವನ್ನು ಪಕ್ಕದಲ್ಲಿ ಹಿಡಿದು ತೋರಿಸುತ್ತಿದ್ದರು, ಅದರ ಅಂಚಿನ ಬಾಗಿನಷ್ಟು. ಆ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋಯಿತು, ಒಂದನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಕೊನೆಗೆ ಚರ್ಮದ ಬದಿಗೆ ಒಂದಿಷ್ಟು ಎಂಜಲು ಹಚ್ಚಿ ಹೊಳೆಯುವ ತನಕ ತಿಕ್ಕಿದರೆ ಮುಗಿಯಿತು.

ಇಷ್ಟರಲ್ಲಿ ಮುಖ್ಯವಾದದ್ದು ಯಾವುದು? "ಮಟ್ಟ ನೋಡಮ್ಮ, ಮಟ್ಟ. ಉಳಿದದ್ದೆಲ್ಲ ಆಮೇಲೆ" ಎನ್ನುತ್ತಿದ್ದರು ಮಾವನವರು. ತಮಾಷೆಯೆಂದರೆ, ಹಾಗೆ ಮಟ್ಟ ಮಾಡಿದ್ದು ಕೆಲಸ ಮುಗಿದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಚರ್ಮದ ಕೆಳಗೆ ಏನಿದೆ ಎಂದು ಗೊತ್ತಿರುವುದು ಹಾಕಿದವರಿಗೆ ಮಾತ್ರ.

ಆ ಡಿಸೆಂಬರಿನ ಒಂದು ಸಂಜೆ ಕ್ಲಬ್ಬಿನ ಹೊಸ ಮಾರ್ಕರ್ ಹುಡುಗ ನಾಲ್ಕು ಕ್ಯೂ ತಂದು ಕೊಟ್ಟ. ಮಾರನೆಯ ದಿನ ಪಂದ್ಯ. ಹುಡುಗನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಕೆಲಸ ಕಾಯಂ ಆಗಿರಲಿಲ್ಲ. ಮಾವನವರಿಗೆ ಜ್ವರ. "ಆದಷ್ಟು ಮಾಡಮ್ಮ. ಆಗದಿದ್ರೆ ಹಾಗೇ ವಾಪಸ್ ಕಳಿಸು, ಹಳೇ ಟಿಪ್ಪಲ್ಲೇ ಆಡ್ಕೋತಾರೆ" ಎಂದು ಹೇಳಿ ಮಲಗಿದರು.

ಮೂರನ್ನು ಸರಿಯಾಗಿಯೇ ಮಾಡಿದೆ. ನಾಲ್ಕನೆಯದಕ್ಕೆ ಕೈ ಹಾಕುವಾಗ ರಾತ್ರಿ ಹನ್ನೊಂದಾಗಿತ್ತು. ಕರೆಂಟ್ ಹೋಯಿತು. ಪಾತ್ರೆ ತೊಳೆದಿರಲಿಲ್ಲ, ಬೆಳಿಗ್ಗೆಗೆ ದೋಸೆ ಹಿಟ್ಟು ರುಬ್ಬಿರಲಿಲ್ಲ, ಮಗಳು ಸ್ಕೂಲಿನ ಅಂಗಿಯ ಗುಂಡಿ ಕಿತ್ತುಕೊಂಡು ಬಂದಿದ್ದಳು. ಇದನ್ನೆಲ್ಲ ಹೇಳುವಾಗ ನಿಮಗೆ ನನ್ನ ಮೇಲೆ ಕನಿಕರ ಬರಬಹುದು. ಬರಬಾರದು. ಕರೆಂಟ್ ಹೋಗಿದ್ದು ನಿಜ, ಆದರೆ ಮನೆಯಲ್ಲಿ ಮೇಣದಬತ್ತಿ ಇತ್ತು. ವಾಪಸ್ ಕಳಿಸು ಎಂಬ ಅಪ್ಪಣೆಯೂ ಇತ್ತು. ಆದರೆ ನಾಲ್ಕನ್ನೂ ಮಾಡಿ ಸೈ ಎನಿಸಿಕೊಳ್ಳುವ ಆಸೆ ನನಗೆ. ಹಳೇ ಅಂಟನ್ನು ಅರ್ಧಂಬರ್ಧ ಕೆರೆದೆ. ಮಟ್ಟ ಮಾಡಲಿಲ್ಲ. ಮಾವನವರ ಅಂಟು ಬಿಟ್ಟು, ಮಕ್ಕಳ ಆಟಿಕೆ ಜೋಡಿಸಲು ತಂದಿಟ್ಟ, ಕ್ಷಣದಲ್ಲಿ ಹಿಡಿಯುವ ಅಂಟನ್ನು ಎರಡು ಹನಿ ಬಿಟ್ಟು ಟಿಪ್ ಒತ್ತಿಬಿಟ್ಟೆ. ಬೆಳಗಿನ ಜಾವ ಎದ್ದು ನಾಲ್ಕನ್ನೂ ಕತ್ತರಿಸಿ, ಉಜ್ಜಿ, ಚಾಕ್ ಹಚ್ಚಿದೆ. ನಂಬಿದರೆ ನಂಬಿ, ನಾಲ್ಕರಲ್ಲಿ ಚೆನ್ನಾಗಿ ಕಾಣುತ್ತಿದ್ದದ್ದು ಅದೇ.

ಮಾವನವರು ಹಾಸಿಗೆಯಲ್ಲೇ ಕೂತು ಒಂದೊಂದರ ತುದಿಯನ್ನೂ ಹೆಬ್ಬೆರಳಿನಿಂದ ಸವರಿ ನೋಡಿದರು. "ನಾಲ್ಕೂ ಮಟ್ಟ ಮಾಡ್ದೆಯೇನಮ್ಮ?" ಎಂದರು.

ನಾನು "ಹೂಂ" ಎನ್ನಲಿಲ್ಲ. "ಕಾಫಿ ತರ್ಲಾ ಮಾವ?" ಎಂದೆ.

ಮೂವತ್ತು ವರ್ಷಗಳಿಂದ ನನ್ನನ್ನು ಕಾಡಿದ್ದು ಈ ಮೂರು ಪದಗಳು. ಅದರಲ್ಲಿ ಸುಳ್ಳು ಎಲ್ಲಿದೆ? ಕಾಫಿಯನ್ನು ನಾನು ನಿಜವಾಗಿಯೂ ತಂದುಕೊಟ್ಟೆ.

ಮಧ್ಯಾಹ್ನದ ಪಂದ್ಯದಲ್ಲಿ ಆ ಟಿಪ್ ಹಾರಿತು. ಹೊಡೆತದ ರಭಸಕ್ಕೆ ಹಿತ್ತಾಳೆಯ ಅಂಚು ಬಟ್ಟೆಗೆ ನಾಟಿ ಗೇಣುದ್ದ ಹರಿಯಿತು. ಆ ಬಟ್ಟೆ ಪರದೇಶದಿಂದ ತರಿಸಿದ್ದು. ಮಾವನವರ ಪಿಂಚಣಿಯ ಎಷ್ಟೋ ತಿಂಗಳ ದುಡ್ಡಿಗೂ ಬರುವಂಥದ್ದಲ್ಲ. ಸಂಜೆ ಆ ಹುಡುಗ ನಮ್ಮ ಮನೆಯ ಜಗಲಿಗೆ ಬಂದು ಕೂತು ಅತ್ತ. ಕ್ಯೂ ಪರೀಕ್ಷೆ ಮಾಡದೆ ಕೊಟ್ಟಿದ್ದು ಅವನ ತಪ್ಪೆಂದು ಕಾರ್ಯದರ್ಶಿಗಳು ಬೈದು, ನಾಳೆಯಿಂದ ಬರಬೇಡ ಎಂದಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಹೊಸಿಲು ದಾಟಿ ಹೊರಗೆ ಬರಲು ನಾಲ್ಕು ಹೆಜ್ಜೆ. ಬರಲಿಲ್ಲ.

ಮಾವನವರು ಎದ್ದರು. ಜ್ವರ ಇನ್ನೂ ಬಿಟ್ಟಿರಲಿಲ್ಲ. ಹಳೆಯ ಬಿಳಿ ಕೋಟು ಹಾಕಿಕೊಂಡು, ಕೊಡೆ ಊರಿಕೊಂಡು ಹುಡುಗನ ಜೊತೆ ಹೋದರು. ಎರಡು ಗಂಟೆ ಬಿಟ್ಟು ಬಂದು, ಗಂಜಿ ಕುಡಿದು ಮಲಗಿದರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ನಮ್ಮ ಮನೆಗೆ ಕ್ಯೂ ಬರುವುದು ನಿಂತುಹೋಯಿತು.

ಎರಡು ತಿಂಗಳ ಮೇಲೆ ಸಂತೆಯಲ್ಲಿ ಆ ಹುಡುಗ ಸಿಕ್ಕ. ಕೆಲಸದಲ್ಲೇ ಇದ್ದಾನೆ! "ಅಜ್ಜ ನನ್ನ ಅನ್ನ ಉಳಿಸಿದ್ರು ಅಕ್ಕಾ" ಎಂದ. ಅಂದು ಮಾವನವರು ಕಾರ್ಯದರ್ಶಿಗಳ ಮುಂದೆ ನಿಂತು, "ಟಿಪ್ ಹಾಕಿದ್ದು ನಾನು ಸ್ವಾಮಿ. ವಯಸ್ಸಾಯ್ತು, ಕೈ ನಡುಗಿ ಅಂಟು ಸರಿ ಕೂರಲಿಲ್ಲ. ಹುಡುಗಂದು ತಪ್ಪಿಲ್ಲ" ಎಂದರಂತೆ. ತೀರ್ಥಹಳ್ಳಿಯ ಕಡೆ ಮದುವೆಯಾಗಿ ಹೋದ ನಮ್ಮ ನಾದಿನಿ ಕೊಟ್ಟಿದ್ದ ಉಂಗುರವನ್ನು ಬೆರಳಿನಿಂದ ತೆಗೆದು ಮೇಜಿನ ಮೇಲಿಟ್ಟರಂತೆ. ಕಾರ್ಯದರ್ಶಿಗಳು ಉಂಗುರ ಮುಟ್ಟಲಿಲ್ಲ. "ಇನ್ಮೇಲೆ ಇವರಿಗೆ ಕೆಲಸ ಕಳಿಸಬೇಡಿ" ಎಂದಷ್ಟೇ ಹೇಳಿದರಂತೆ.

ಮಾವನವರ ಕಣ್ಣು ಮಂಜಾಗಿತ್ತು, ನಿಜ. ಆದರೆ ಅವರ ಕೈ ಯಾವತ್ತೂ ನಡುಗಿದ್ದಿಲ್ಲ.

ಅಂದು ಸಂಜೆ ಜಗಲಿಯಲ್ಲಿ ಅವರ ಕಾಲ ಬಳಿ ಕೂತು ಎಲ್ಲ ಹೇಳಿದೆ. "ಗೊತ್ತಿತ್ತಮ್ಮ" ಎಂದರು. ಟಿಪ್ ಹಾರಿದ ಕ್ಯೂವನ್ನು ಕ್ಲಬ್ಬಿನಲ್ಲಿ ಬೆರಳಿನಿಂದ ಸವರಿದಾಗಲೇ ಹಳೇ ಅಂಟಿನ ಗಂಟು ಅವರಿಗೆ ಸಿಕ್ಕಿತ್ತು.

"ಮತ್ತೆ ನನ್ನ ಯಾಕೆ ಕೇಳಲಿಲ್ಲ ಮಾವ?"

"ಕೇಳಿದ್ನಲ್ಲಮ್ಮ, ಅವತ್ತು ಬೆಳಿಗ್ಗೆ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಅಂಟು ಒಣಗೋ ಮುಂಚೆ ಹೇಳಿದ್ರೆ ಎತ್ತಿ ಸರಿಯಾಗಿ ಕೂರಿಸ್ಬಹುದು. ಒಣಗಿದ ಮೇಲೆ ಕೊಯ್ದೇ ತೆಗೀಬೇಕು. ಚರ್ಮ ಹಾಳು" ಎಂದರು. ಮತ್ತೆ ಆ ವಿಷಯ ನಮ್ಮಿಬ್ಬರ ನಡುವೆ ಬರಲಿಲ್ಲ. 1999ರಲ್ಲಿ ಅವರು ತೀರಿಕೊಂಡರು.

ಈಗ ಯೋಚಿಸಿ. ನಾನು ಆಡಿದ ಮಾತಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ಮಾವನವರು ಆಡಿದ್ದರಲ್ಲಿ ಹುಡುಗಂದು ತಪ್ಪಿಲ್ಲ ಎಂಬುದೊಂದು ಬಿಟ್ಟರೆ ಮಿಕ್ಕದ್ದೆಲ್ಲ ಸುಳ್ಳು. ಬರೀ ಮಾತನ್ನಷ್ಟೇ ತೂಗಿದರೆ ಸತ್ಯವಂತೆ ನಾನೇ ಆಗಬೇಕು. ಹಾಗೆಂದು ಯಾರಾದರೂ ಒಪ್ಪುತ್ತಾರೆಯೆ?

ಮಹಾಭಾರತದಲ್ಲಿ ಇದರ ಎರಡು ಮುಖವೂ ಇದೆ. ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಜೋರಾಗಿ ಹೇಳಿ, ಆನೆಯ ಮಾತನ್ನು ಮೆಲ್ಲಗೆ ಹೇಳಿದ. ಸತ್ತದ್ದು ಆನೆ ಎಂಬುದು ನಿಜವೇ. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಕೆಳಗಿಳಿಯಿತು. ಮಾತು ನಿಜವಾಗಿದ್ದರೆ ಸಾಲದು, ಕೇಳಿದವನು ಏನೆಂದು ನಂಬುತ್ತಾನೆ ಎಂಬುದಕ್ಕೂ ಹೇಳಿದವನೇ ಹೊಣೆ. ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಕೌಶಿಕನ ಕತೆ ಇನ್ನೊಂದು. ಸತ್ಯವನ್ನೇ ನುಡಿಯುವ ವ್ರತ ತೊಟ್ಟ ಆ ತಪಸ್ವಿ, ಕಳ್ಳರಿಗೆ ಹೆದರಿ ಕಾಡು ಹೊಕ್ಕವರ ದಾರಿಯನ್ನು ಕಳ್ಳರಿಗೇ ತೋರಿಸಿದ. ಅವರೆಲ್ಲ ಸತ್ತರು. ಕೌಶಿಕ ನರಕಕ್ಕೆ ಹೋದ. ನಾನು ಧರ್ಮರಾಯನ ಸಾಲಿನವಳು. ಮಾವನವರು ಕೌಶಿಕನಾಗಲು ಒಪ್ಪದವರು.

ಆದರೆ ಮಾವನವರು ಮಾಡಿದ್ದು ಪೂರ್ತಿ ಸರಿಯೇ ಎಂದು ಕೇಳಿದರೆ, ಇಂದಿಗೂ ನನ್ನ ಮನಸ್ಸು ತಕ್ಷಣ ಹೌದೆನ್ನುವುದಿಲ್ಲ. 31 ವರ್ಷ ಕಾಪಾಡಿಕೊಂಡ ಹೆಸರನ್ನು ಅವರು ನನಗಾಗಿ ಒಂದೇ ಸಂಜೆಯಲ್ಲಿ ಕಳೆದರು. ನನ್ನನ್ನು ಕರೆದು "ಬಾ, ನೀನೇ ಹೇಳು" ಎನ್ನಬಹುದಿತ್ತು. ನನ್ನ ತಪ್ಪನ್ನು ನಾನೇ ತೀರಿಸುವ ಅವಕಾಶವನ್ನು ಅವರ ಔದಾರ್ಯ ನನ್ನಿಂದ ಕಿತ್ತುಕೊಂಡಿತಲ್ಲ ಎಂದು ಎಷ್ಟೋ ರಾತ್ರಿ ಅವರ ಮೇಲೆ ಸಿಟ್ಟೂ ಬಂದಿದೆ. ಮರುಕ್ಷಣವೇ, ನಾಲ್ಕು ಹೆಜ್ಜೆ ದಾಟದವಳಿಗೆ ಸಿಟ್ಟಾಗುವ ಹಕ್ಕೆಲ್ಲಿದೆ ಎನ್ನಿಸುತ್ತದೆ.

ಬಹಳ ಕಾಲ ನನಗೆ ನಾನೇ ಒಂದು ನೆಪ ಹೇಳಿಕೊಂಡಿದ್ದೆ. ನಾನು ಬಾಯಿ ಬಿಟ್ಟಿದ್ದರೆ, "ಕ್ಲಬ್ಬಿನ ಕ್ಯೂ ಹೆಂಗಸರ ಕೈಗೆ ಕೊಟ್ಟಿರಾ?" ಎಂದು ಮಾವನವರಿಗೇ ಹೆಚ್ಚು ಅವಮಾನವಾಗುತ್ತಿತ್ತು ಎಂದು. ಇದು ಸುಳ್ಳಲ್ಲ, ಖಂಡಿತ ಹಾಗೇ ಆಗುತ್ತಿತ್ತು. ನಿಜ ಹೇಳುವ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಕಾರ್ಯದರ್ಶಿಗಳು ತಪ್ಪು ಮಾಡಿದರೆ ಒಂದು ಕ್ಷಮೆಯಲ್ಲಿ ಮುಗಿಯುತ್ತದೆ, ಮಾರ್ಕರ್ ಹುಡುಗನ ತಪ್ಪಿಗೆ ಅನ್ನವೇ ಹೋಗುತ್ತದೆ, ಸೊಸೆಯ ತಪ್ಪು ಮನೆತನಕ್ಕೆಲ್ಲ ಹತ್ತುತ್ತದೆ. ಆದರೆ ಆ ಬೆಳಿಗ್ಗೆ ನನ್ನನ್ನು ಕೇಳಿದವರು ಕಾರ್ಯದರ್ಶಿಗಳಲ್ಲ, ಮಾವನವರು. ಅವರಿಗೆ ನಿಜ ಹೇಳಿದ್ದರೆ ನನಗೆ ತಗಲುತ್ತಿದ್ದ ಖರ್ಚು ಒಂದು ಟಿಪ್, ಸ್ವಲ್ಪ ನಾಚಿಕೆ. ಅಷ್ಟೇ.

ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಮೊದಲು ಕಲಿಸುವ ವಿದ್ಯೆ ಸುಮ್ಮನಿರುವುದು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹೇಳಿಯೇ ನಮ್ಮನ್ನು ಬೆಳೆಸಿದ್ದಾರೆ. ಆ ಬಂಗಾರದಿಂದ ನಾವು ಎಷ್ಟೋ ಮನೆ ಉಳಿಸಿದ್ದೇವೆ, ಅದನ್ನು ಹಳಿಯಲಾರೆ. ಅತ್ತೆಯ ಕೊಂಕು ಮಾತನ್ನು ಗಂಡನಿಗೆ ಮುಟ್ಟಿಸದೆ ನುಂಗುವುದು, ನೆರೆಮನೆಯವಳ ಕಷ್ಟವನ್ನು ಬೀದಿಗೆ ತಾರದಿರುವುದು, ಇವೂ ಮೌನವೇ. ಆದರೆ ಅಂಥ ಮೌನದ ಭಾರವನ್ನು ನಾವು ಹೊರುತ್ತೇವೆ. ನನ್ನ ಆ ಬೆಳಗಿನ ಮೌನದ ಭಾರವನ್ನು ಹೊತ್ತವರು ಬೇರೆಯವರು. ಯಾರೋ ಒಬ್ಬ ಆಟಗಾರ ನನ್ನ ಕೆಲಸವನ್ನು ನಂಬಿ ತನ್ನ ತೋಳಿನ ಬಲವನ್ನೆಲ್ಲ ಅದರ ಮೇಲೆ ಹಾಕಿದ. ಹೇಳದೆ ಉಳಿಸಿದ ಮಾತು ಯಾವಾಗ ಸುಳ್ಳಾಗುತ್ತದೆ ಎಂದು ಕೇಳಿದರೆ ನನಗೆ ಗೊತ್ತಿರುವ ಉತ್ತರ ಇದೊಂದೇ. ಇನ್ನೊಬ್ಬರು ಅದರ ಮೇಲೆ ಭಾರ ಬಿಡುವಾಗ.

2012ರಲ್ಲಿ ಬೆಂಗಳೂರಿನ ಉಮಾದೇವಿ ನಾಗರಾಜ್ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದ ಸುದ್ದಿ ಓದಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಟೇಬಲ್ ಟೆನಿಸ್ ಆಡಲು ಹೋಗಿ, ಮೇಜು ಖಾಲಿಯಾಗಲಿ ಎಂದು ಕಾಯುತ್ತಾ ಈ ಆಟಕ್ಕೆ ಒಲಿದವರಂತೆ ಅವರು. ಬಾಗಿಲಾಚೆ ನಿಂತು ನೋಡಿದ ನನ್ನಂಥವಳ ಮೊಮ್ಮಗಳು ಇಂದು ತನ್ನದೇ ಕೋಲು ಹೆಗಲಿಗೇರಿಸಿ ತಿರುಗುತ್ತಾಳೆ. ಅವಳಿಗೆ ಟಿಪ್ ಹಾಕುತ್ತಾ ಹಾಕುತ್ತಾ ನಾನು ಈ ಕತೆಯನ್ನೆಲ್ಲ ಹೇಳಿದೆ. ಪೂಲ್ ಕೋಲಿಗೆ ಹಿತ್ತಾಳೆಯ ಬದಲು ಬಿಳಿಯ ಬಳೆ, ಟಿಪ್ಪೂ ಸ್ವಲ್ಪ ಅಗಲ, ಹದಿಮೂರು ಮಿಲಿಮೀಟರ್. ಉಳಿದ ಕೆಲಸವೆಲ್ಲ ಅದೇ. ಅಂಟು ಹಚ್ಚಿ ಒತ್ತಿ ಹಿಡಿದೆ.

"ಸರಿಯಾಗಿ ಕೂತಿದ್ಯಾ ಅಜ್ಜಿ?" ಎಂದಳು.

ಕೂತಿತ್ತು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಅಂಚಿನ ಒಂದು ಕಡೆ ಹಳೇ ಅಂಟು ಕೂದಲೆಳೆಯಷ್ಟು ಉಳಿದಿತ್ತೇನೋ ಎಂಬ ಅನುಮಾನ ಒತ್ತುವ ಮುಂಚೆಯೇ ನನಗಿತ್ತು. ಈಗ ನನ್ನ ಕಣ್ಣಿಗೂ ಪೊರೆ.

"ಇಲ್ಲ ಕಣೆ. ಆ ಬದೀಲಿ ನಾನು ಸರಿಯಾಗಿ ಕೆರೆದಿಲ್ಲ ಅನ್ಸುತ್ತೆ. ಅಂಟು ಇನ್ನೂ ಹಸಿಯಾಗಿದೆ, ಎತ್ತಿಬಿಡು" ಎಂದೆ.

ಅವಳು ನಕ್ಕು ಎತ್ತಿದಳು. ಅಂಟು ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಉಪ್ಪುಕಾಗದವನ್ನು ಮೇಜಿನ ಮೇಲೆ ಹಾಸಿ ತಾನೇ ತಿಕ್ಕತೊಡಗಿದಳು. ನಾನು ಕಾಫಿಗೆ ನೀರಿಡಲು ಒಳಗೆ ಹೋದೆ.